ಬಿದ್ದರೆ ಬೀಳಲಿ ಬಿಡಿ

ಹಾಸನದಲ್ಲಿ ಯಾವುದಾದರೂ ಆಟಿಕೆ ಅಂಗಡಿಗೆ ಹೋಗಿ ಬಿಲ್ಡಿಂಗ್ ಬ್ಲಾಕ್ಸ್ ಕೊಡಿ ಅಂತ ಕೇಳಿ ನೋಡಿ. “ಯಾವುದು ಬೇಕು ಸಾರ್, ರಾಕೆಟ್ಟಾ, ಪೊಲೀಸ್ ಸ್ಟೇಷನ್ನಾ, ಜೆಸಿಬಿನಾ?” ಅಂತ ತಿರುಗಿ ಕೇಳುತ್ತಾರೆ. ಡಬ್ಬದ ಮೇಲೆ ರಾಕೆಟ್ಟಿನ ಚಿತ್ರ, ಒಳಗೆ ರಾಕೆಟ್ಟಿಗೆ ಬೇಕಾದಷ್ಟೇ ತುಂಡು, ಜೊತೆಗೆ ಒಂದು ಪುಸ್ತಕ. ಮೊದಲು ಇದನ್ನು ಸಿಕ್ಕಿಸು, ಆಮೇಲೆ ಅದನ್ನು ಸಿಕ್ಕಿಸು ಅಂತ ಅದರಲ್ಲಿ ಬರೆದಿರುತ್ತದೆ. ಮಗು ಅಪ್ಪನ ಜೊತೆ ಕೂತು, ನಿಜ ಹೇಳಬೇಕೆಂದರೆ ಅಪ್ಪನೇ ಕೂತು, ಒಂದು ಭಾನುವಾರ ಅದನ್ನು ಮುಗಿಸುತ್ತಾರೆ. ಸೋಮವಾರ ರಾಕೆಟ್ಟು ಷೋಕೇಸ್ ಸೇರುತ್ತದೆ. “ಮುಟ್ಟಬೇಡ, ಬಿದ್ದುಹೋಗುತ್ತೆ.” ಅಲ್ಲಿಗೆ ಆಟ ಮುಗೀತು.

ನನಗೆ ಇದು ತಲೆಗೇ ಹತ್ತುವುದಿಲ್ಲ. ಬ್ಲಾಕ್ ಇರುವುದೇ ಬೀಳುವುದಕ್ಕೆ ಅಲ್ವಾ?

ಹಾಗಂತ ರಾಕೆಟ್ ಡಬ್ಬ ದಂಡ ಅಂತಲ್ಲ. ಎಂಟು ಒಂಬತ್ತು ವರ್ಷದ ಹುಡುಗರು ಚಿತ್ರ ನೋಡಿಕೊಂಡು ನೂರಾರು ತುಂಡು ಜೋಡಿಸುವುದರಲ್ಲಿ ತಾಳ್ಮೆ ಇದೆ, ಕಾಗದದ ಮೇಲಿನ ಗೆರೆಯನ್ನು ಕೈಯಲ್ಲಿರುವ ವಸ್ತುವಿಗೆ ಹೊಂದಿಸುವ ಜಾಣತನ ಇದೆ. ಮುಂದೆ ಮನೆ ಪ್ಲಾನ್ ಓದುವುದಕ್ಕೂ ಅದೇ ಬೇಕು. ನಾನು ಹೇಳುತ್ತಿರುವುದು ಅವರಿಗಿಂತ ಚಿಕ್ಕವರ ವಿಷಯ, ಎರಡರಿಂದ ಆರೇಳು ವರ್ಷದವರೆಗಿನ ಮಕ್ಕಳದ್ದು. ಈ ವಯಸ್ಸಿಗೆ ಬೇಕಾಗಿರುವುದು ಬರೀ ಮರದ ತುಂಡು. ಚಿತ್ರ ಬೇಡ, ಬಣ್ಣ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಒಂದೇ ಅಳತೆಯವು ಜಾಸ್ತಿ ಇರಬೇಕು, ಅಷ್ಟೇ.

ಕಾರಣ ಸುಲಭ. ಸ್ಲೇಟಿನ ಮೇಲೆ ಮಗು ತಪ್ಪು ಬರೆದರೆ ಅದು ತಪ್ಪು ಅಂತ ಹೇಳಲು ಇನ್ನೊಬ್ಬರು ಬೇಕು. ಮೊಬೈಲ್ ಆಟದಲ್ಲಾದರೆ ಟಿಂಗ್ ಅಂತ ಸದ್ದು ಬರಬೇಕು. ಬ್ಲಾಕ್ ಹಾಗಲ್ಲ. ಸರಿಯಾಗಿ ಇಟ್ಟರೆ ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಬೈಯುವುದಿಲ್ಲ, ಹೊಗಳುವುದೂ ಇಲ್ಲ, ಮಾರ್ಕ್ಸ್ ಕೊಡುವುದಿಲ್ಲ. ಮಗುವಿಗೂ ಬೀಳುವಿಕೆಗೂ ನಡುವೆ ದೊಡ್ಡವರು ಯಾರೂ ಇಲ್ಲದೇ ಇರುವುದೇ ಅದರ ಗುಣ. ಆ ಗುಣವನ್ನು ಹಾಳು ಮಾಡುವವರು ನಾವು.

ನಮ್ಮಣ್ಣನ ಮಗಳು ಪುಟ್ಟಿಗೆ ಈಗ ಐದು ವರ್ಷ. ಅವಳು ಒಂದು ಸೇತುವೆ ಕಟ್ಟಿದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಎರಡು ಕಂಬ ನಿಲ್ಲಿಸಿದಳು, ಮೇಲೆ ಒಂದು ಉದ್ದದ ತುಂಡು ಇಟ್ಟಳು, ಅದು ಆ ಕಂಬದವರೆಗೆ ಬರಲಿಲ್ಲ. ಬಿತ್ತು. ಮತ್ತೆ ಇಟ್ಟಳು, ಈ ಸಲ ತುಂಡನ್ನೇ ಉಲ್ಟಾ ಮಾಡಿ, ಆ ತುದಿ ಈ ಕಡೆಗೆ. ಅದೂ ಬಿತ್ತು. ಉದ್ದ ಯಾವ ಕಡೆಯಿಂದ ಅಳೆದರೂ ಒಂದೇ ಅನ್ನುವುದು ನಮಗೆ ಎಷ್ಟು ಸಲೀಸು, ಆದರೆ ಅದನ್ನೂ ಒಂದು ಸಲ ಯಾರೋ ಕಂಡುಕೊಳ್ಳಬೇಕಲ್ಲ. ಆಮೇಲೆ ಒಂದು ಕಂಬವನ್ನು ಸ್ವಲ್ಪ ಇತ್ತ ಸರಿಸಿದಳು. ತುಂಡು ಎರಡೂ ಕಡೆ ಕೂದಲೆಳೆಯಷ್ಟು ಕೂತಿತು. ಖುಷಿಯಾಗಿ ಅದರ ಮೇಲೆ ಒಂದು ಪುಟಾಣಿ ಆಟೋ ಇಟ್ಟಳು. ಆಟೋ ಸಮೇತ ಎಲ್ಲಾ ಕೆಳಗೆ. ಆಗ ಕಂಬವನ್ನು ಇನ್ನೂ ಇತ್ತ ಎಳೆದು, ಯಾರಿಗೂ ಅಲ್ಲ, ತನಗೇ ಹೇಳಿಕೊಂಡಳು: “ಜಾಸ್ತಿ ಒಳಗೆ ಕೂರ್ಬೇಕು.”

ಮನೆ ಕಟ್ಟಿಸಿದವರಿಗೆ ಈ ಮಾತು ಗೊತ್ತು. ಬಾಗಿಲ ಮೇಲಿನ ಲಿಂಟಲ್ ಎರಡೂ ಕಡೆ ಗೋಡೆಯ ಮೇಲೆ ಅರ್ಧ ಅಡಿಯಾದರೂ ಕೂರಬೇಕು ಅಂತ ಮೇಸ್ತ್ರಿ ಹೇಳುತ್ತಾರಲ್ಲ, ಅದೇ ಇದು. ಗೋಡೆಯದ್ದೂ ಹಾಗೆಯೇ. ಇಟ್ಟಿಗೆಯ ಮೇಲೆ ಇಟ್ಟಿಗೆ, ಸಂದಿನ ಮೇಲೆ ಸಂದು ಬರುವ ಹಾಗೆ ಜೋಡಿಸಿದರೆ ಗೋಡೆ ಅನ್ನಿಸಿಕೊಳ್ಳುವುದಿಲ್ಲ, ಪಕ್ಕಪಕ್ಕ ನಿಂತ ಕಂಬಗಳ ಸಾಲು ಅಷ್ಟೇ. ಬೆರಳು ತಾಗಿದರೆ ಒಂದೊಂದೇ ಉರುಳುತ್ತದೆ. ಕೆಳಗಿನ ಸಂದಿನ ಮೇಲೆ ಮೇಲಿನ ಇಟ್ಟಿಗೆಯ ನಡುಭಾಗ ಬಂದರೆ ಗೋಡೆಗೆ ಬಿಗಿ ಬರುತ್ತದೆ. ಇದನ್ನು ಪುಟ್ಟಿಗೆ ಯಾರೂ ಹೇಳಿಕೊಡಲಿಲ್ಲ. ಬೆಕ್ಕು ಓಡಾಡಿ ಬೀಳಿಸಿದ ಗೋಡೆ ಯಾವುದು, ಉಳಿದ ಗೋಡೆ ಯಾವುದು ಅಂತ ಅವಳೇ ನೋಡಿದ್ದಾಳೆ.

ನಮ್ಮಣ್ಣನಿಗೆ ಮಾತ್ರ ಕೈ ತಡೆಯುವುದಿಲ್ಲ. “ಹಾಗಲ್ಲ ಕಣಮ್ಮಾ, ಹೀಗೆ” ಅಂತ ಕಂಬ ಸರಿ ಮಾಡಿಯೇ ಬಿಡುತ್ತಾನೆ. ಎರಡು ನಿಮಿಷದಲ್ಲಿ ಸೇತುವೆ ನೆಟ್ಟಗಾಗುತ್ತದೆ, ಮಗು ಎದ್ದು ಹೋಗುತ್ತದೆ. ಅತ್ತಿಗೆಯದ್ದು ಇನ್ನೊಂದು. “ಇದು ಯಾವ ಕಲರ್? ಎಷ್ಟಿದೆ ಎಣಿಸು? ಇದು ಸ್ಕ್ವೇರಾ, ರೆಕ್ಟ್ಯಾಂಗಲ್ಲಾ?” ಆಡುತ್ತಾ ಕೂತ ಮಗುವಿಗೆ ವೈವಾ. ನಮ್ಮಮ್ಮ ಒಬ್ಬರೇ ಸರಿ. ಅವರು ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿರುತ್ತಾರೆ. ಪುಟ್ಟಿ “ಅಜ್ಜಿ ನೋಡು” ಅಂದರೆ ನೋಡಿ “ಹೂಂ, ಆಮೇಲೆ?” ಅನ್ನುತ್ತಾರೆ. ಮತ್ತೆ ಕಾಯಿಗೆ ಕೈ ಹೋಗುತ್ತದೆ. “ಏನಮ್ಮಾ ಕಟ್ಟಿದ್ದು?” ಅಂತ ಒಂದು ದಿನ ಕೇಳಿದ್ದಕ್ಕೆ “ಇನ್ನೂ ಗೊತ್ತಿಲ್ಲ ಅಜ್ಜಿ” ಅಂತ ಉತ್ತರ ಬಂತು. ಅಮ್ಮ ಅದನ್ನೂ ಒಪ್ಪಿಕೊಂಡರು. ಬಿ.ಎಡ್. ಮಾಡಿದವರಿಗೂ ಇಷ್ಟು ಬರುವುದು ಕಷ್ಟ.

ನಾವು ಚಿಕ್ಕವರಿದ್ದಾಗ ಬ್ಲಾಕ್ ಎಲ್ಲಿತ್ತು ಅಂತ ಕೇಳುವವರಿದ್ದಾರೆ. ಇತ್ತಲ್ಲ! ಲಗೋರಿ ಏನು ಮತ್ತೆ? ಹೆಂಚಿನ ಚೂರು, ಚಪ್ಪಟೆ ಕಲ್ಲು ಹುಡುಕಿ ತಂದು ಒಂದರ ಮೇಲೊಂದು ಪೇರಿಸುವುದು. ಚೆಂಡು ಬಂದು ಬೆನ್ನಿಗೆ ಬೀಳುವುದರೊಳಗೆ ಯಾವುದು ಬುಡಕ್ಕೆ, ಯಾವುದು ತುದಿಗೆ ಅಂತ ತೀರ್ಮಾನ ಮಾಡಬೇಕಿತ್ತು. ಕಡ್ಡಿಪೆಟ್ಟಿಗೆ ಜೋಡಿಸಿ ರೈಲು ಮಾಡಿದವರು, ಮನೆ ಕಟ್ಟಿಸುವಾಗ ಮರಳಿನ ರಾಶಿ ಪಕ್ಕ ಒಡೆದ ಇಟ್ಟಿಗೆಯಲ್ಲಿ ಇನ್ನೊಂದು ಮನೆ ಕಟ್ಟಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಆಗ ಆಟಿಕೆ ಅಂತ ದುಡ್ಡು ಕೊಟ್ಟು ತಂದಿದ್ದಲ್ಲ, ಹಾಗಾಗಿ ಯಾರೂ ಅದನ್ನು ಷೋಕೇಸಿಗೆ ಇಡಲಿಲ್ಲ.

ಕಲಿಕೆಗೆ ಅಂತಲೇ ಮರದ ತುಂಡುಗಳನ್ನು ಯೋಚಿಸಿ ಮಾಡಿದವರು ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್. ಕಿಂಡರ್‌ಗಾರ್ಟನ್ ಶುರು ಮಾಡಿದವರು. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಅನ್ನುವ ಊರಲ್ಲಿ ಚಿಕ್ಕ ಮಕ್ಕಳಿಗಾಗಿ ಆಟದ ಸಂಸ್ಥೆ ತೆರೆದರು. ಅದಕ್ಕೂ ಮೊದಲು ಬರ್ಲಿನ್ನಿನಲ್ಲಿ ಖನಿಜ ಮತ್ತು ಹರಳುಗಳ ಅಧ್ಯಯನ ಮಾಡಿದ್ದರು, ಅದರ ನೆರಳು ಅವರ ಆಟಿಕೆಗಳ ಮೇಲೆ ಚೆನ್ನಾಗಿ ಕಾಣುತ್ತದೆ. ಅವರ ಸರಣಿಯಲ್ಲಿ ಮೂರನೆಯ ಆಟಿಕೆ ಒಂದು ಪುಟ್ಟ ಮರದ ಪೆಟ್ಟಿಗೆ, ಜಾರುವ ಮುಚ್ಚಳದ್ದು. ಅದನ್ನು ಬೋರಲು ಹಾಕಿ, ಮುಚ್ಚಳ ಎಳೆದು, ಪೆಟ್ಟಿಗೆ ಎತ್ತಿದರೆ ಒಂದು ಇಡೀ ಘನ ನಿಂತಿರುತ್ತದೆ. ಮುಟ್ಟಿದರೆ ಅದು ಎಂಟು ಚಿಕ್ಕ ಘನ. ಇಡಿ ಒಡೆದರೆ ಬಿಡಿ, ಬಿಡಿ ಸೇರಿದರೆ ಇಡಿ. ಇಷ್ಟೇ ಪಾಠ, ಅದಕ್ಕೆ ಎಂಟು ತುಂಡು ಸಾಕಾಯಿತು. ಇಂಥ ಶಾಲೆಗಳನ್ನು ಪ್ರಷ್ಯಾದ ಸರ್ಕಾರ 1851ರಲ್ಲಿ ನಿಷೇಧಿಸಿತು ಅಂದರೆ ನಂಬುತ್ತೀರಾ? ಮಕ್ಕಳು ಮರದ ತುಂಡು ಜೋಡಿಸುವುದರಲ್ಲಿ ಅವರಿಗೆ ನಾಸ್ತಿಕತೆ, ಸಮಾಜವಾದ ಎಲ್ಲ ಕಂಡಿತ್ತು! ನಿಷೇಧ ತೆಗೆದದ್ದು 1860ರಲ್ಲಿ, ಅಷ್ಟರಲ್ಲಿ ಫ್ರೋಬೆಲ್ ತೀರಿಕೊಂಡು ಎಂಟು ವರ್ಷ ಆಗಿತ್ತು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ತಾಯಿ 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಈ ಆಟಿಕೆಗಳನ್ನು ನೋಡಿ ಮಗನಿಗೆ ತಂದುಕೊಟ್ಟರು. ಆ ಮರದ ತುಂಡುಗಳು ಇನ್ನೂ ತನ್ನ ಬೆರಳುಗಳಲ್ಲೇ ಇವೆ ಅನ್ನುವ ಅರ್ಥದಲ್ಲಿ ಅವರು ಮುಂದೆ ಬರೆದುಕೊಂಡಿದ್ದಾರೆ. ಬ್ಲಾಕ್ ಕೊಟ್ಟವರ ಮಕ್ಕಳೆಲ್ಲ ರೈಟ್ ಆಗುತ್ತಾರೆ ಅಂತ ಅಂಗಡಿಯವರು ಹೇಳಿದರೆ ಮಾತ್ರ ನಂಬಬೇಡಿ.

ನನಗೆ ಫ್ರೋಬೆಲ್‌ಗಿಂತ ಹತ್ತಿರ ಅನ್ನಿಸುವವರು ಕ್ಯಾರೊಲಿನ್ ಪ್ರಾಟ್. ಮರಗೆಲಸ ಕಲಿತಿದ್ದ ಅಮೆರಿಕದ ಟೀಚರ್, 1914ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಸಣ್ಣ ಶಾಲೆ ನಡೆಸುತ್ತಿದ್ದರು. ಅವರು ಮಾಡಿದ ಬ್ಲಾಕುಗಳ ಗುಟ್ಟು ಅಳತೆಯಲ್ಲಿದೆ. ದಪ್ಪ ಒಂದು ಪಾಲಾದರೆ ಅಗಲ ಎರಡು ಪಾಲು, ಉದ್ದ ನಾಲ್ಕು ಪಾಲು. ಎರಡು ಗಿಡ್ಡ ತುಂಡು ಸೇರಿದರೆ ಒಂದು ಉದ್ದ ತುಂಡು, ಎರಡು ತುಂಡು ಒಂದರ ಮೇಲೊಂದು ಮಲಗಿಸಿದ ಎತ್ತರಕ್ಕೆ ಒಂದು ತುಂಡು ಪಕ್ಕಕ್ಕೆ ಮಗುಚಿ ನಿಂತರೆ ಸಮ. ಅರ್ಧ, ಕಾಲು, ಎರಡರಷ್ಟು, ನಾಲ್ಕರಷ್ಟು ಎಲ್ಲ ಅದರೊಳಗೇ ಇದೆ. ಭಿನ್ನರಾಶಿ ಅಂತ ಪಾಠ ಬರುವ ಹೊತ್ತಿಗೆ ಮಗುವಿನ ಕೈಗೆ ಅದು ಹಳೇ ಪರಿಚಯ.

ಇದನ್ನು ಹಾಸನದಲ್ಲೇ ಮಾಡಿಸಬಹುದು, ನಾನು ಮಾಡಿಸಿದ್ದೇನೆ. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ನೆರಳಿಗೆ ಅಂತ ಬೆಳೆಸುವ ಸಿಲ್ವರ್ ಓಕ್ ಇದೆಯಲ್ಲ, ಅದರ ಹಲಗೆಯ ಉಳಿಕೆ ತುಂಡು ಬಡಗಿ ಅಂಗಡಿಗಳಲ್ಲಿ ಸಿಗುತ್ತದೆ. ಹಗುರ ಇರುತ್ತದೆ, ಕಾಲ ಮೇಲೆ ಬಿದ್ದರೂ ಪರವಾಗಿಲ್ಲ. ನಮ್ಮ ಆಚಾರ್ರಿಗೆ ಇಂಚಿನ ಲೆಕ್ಕವೇ ಒಗ್ಗುವುದು, ಆದ್ದರಿಂದ ಒಂದೂವರೆ ಇಂಚು ದಪ್ಪ, ಮೂರು ಇಂಚು ಅಗಲ, ಆರು ಇಂಚು ಉದ್ದ ಅಂತ ಹೇಳಿದೆ. ಪ್ರಾಟ್ ಅವರದ್ದಕ್ಕಿಂತ ಒಂಚೂರು ದೊಡ್ಡದು, ಲೆಕ್ಕ ಅದೇ. “ಏನ್ ಸಾರ್, ಮಕ್ಳಾಟಕ್ಕೆ ಇಷ್ಟೊಂದು ಕರಾರುವಾಕ್ಕು ಯಾಕೆ?” ಅಂದರು. ಮಕ್ಕಳಾಟಕ್ಕೇ ಬೇಕು. ಬೀರುವಿನ ಕಾಲು ಒಂಚೂರು ಗಿಡ್ಡ ಆದರೆ ಅಡಿಗೆ ರಟ್ಟು ಕೊಡಬಹುದು. ಹತ್ತು ಬ್ಲಾಕಿನ ಗೋಪುರದಲ್ಲಿ ಒಂದು ಓರೆ ಇದ್ದರೆ ಮೇಲಿನದ್ದೆಲ್ಲ ಓರೆ, ಆಗ ಬಿದ್ದಿದ್ದು ಮಗುವಿನ ಲೆಕ್ಕ ತಪ್ಪಿ ಬಿದ್ದಿದ್ದೋ ಮರದ ದೋಷಕ್ಕೆ ಬಿದ್ದಿದ್ದೋ ತಿಳಿಯುವುದಿಲ್ಲ. ಸುಳ್ಳು ಉತ್ತರ ಕೊಡುವ ಬ್ಲಾಕಿನಿಂದ ಏನು ಕಲಿಯುವುದು?

ಇನ್ನೊಂದು ಸೂಕ್ಷ್ಮ ಆಚಾರ್ರೇ ತೋರಿಸಿದರು. ಆರು ಇಂಚಿನ ತುಂಡನ್ನು ನಡುವೆ ಕೊಯ್ದರೆ ಮೂರಿಂಚಿನ ಎರಡು ತುಂಡು ಸಿಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ, ಸಿಗುವುದಿಲ್ಲ. ನಡುವೆ ಗರಗಸ ತಿಂದಿದ್ದು ಹೊಟ್ಟಾಗಿ ಕೆಳಗೆ ಬಿದ್ದಿರುತ್ತದೆ. ಹಾಗಾಗಿ ಅರ್ಧದ ತುಂಡುಗಳಿಗೆ ಒಂದೊಂದಕ್ಕೂ ಬೇರೆ ಗುರುತು ಹಾಕಿ, ಗರಗಸಕ್ಕೆ ಜಾಗ ಬಿಟ್ಟು ಕೊಯ್ಯಬೇಕು. ಕೊಯ್ದ ಮೇಲೆ ಉಪ್ಪು ಕಾಗದದಲ್ಲಿ ಅಂಚು ಉಜ್ಜಿ ಮೊನೆ ಮುರಿದು ಕೊಟ್ಟರು. ಅಂಚು ಜಾಸ್ತಿ ಗುಂಡಗಾಗಬಾರದು, ಒಂದರ ಮೇಲೆ ಒಂದು ಕೂರುವ ಜಾಗವೇ ಕಡಿಮೆಯಾಗುತ್ತದೆ. ಬಣ್ಣ, ಪಾಲಿಶ್ ಏನೂ ಹಾಕಿಸಲಿಲ್ಲ. ಐವತ್ತು ಅರವತ್ತು ತುಂಡು ಇದ್ದರೆ ಒಂದು ಮನೆಗೆ ಧಾರಾಳ. ಚಕ್ರ, ಬಾಗಿಲು, ಕಮಾನು, ಗಿಡ ಅಂತ ವಿಶೇಷದ ತುಂಡು ಹೆಚ್ಚಾದಷ್ಟೂ ಆಟ ಕಡಿಮೆಯಾಗುತ್ತದೆ ಅನ್ನುವುದು ನನ್ನ ಅನಿಸಿಕೆ. ಬಾಗಿಲಿನ ಆಕಾರದ ತುಂಡು ಬಾಗಿಲು ಮಾತ್ರ ಆಗುತ್ತದೆ. ಬರೀ ತುಂಡು ಬಾಗಿಲಾಗಬಹುದು, ದನ ಆಗಬಹುದು, ಬೆಳಗ್ಗೆ ಬಸ್ಸಾಗಿದ್ದು ಸಂಜೆಗೆ ಬಸ್ ಸ್ಟ್ಯಾಂಡ್ ಆಗಬಹುದು.

ಚಿಕ್ಕ ಮಗು ಬ್ಲಾಕ್ ಕೊಟ್ಟರೆ ಕಟ್ಟುವುದೇ ಇಲ್ಲ ಅಂತ ಬೇಜಾರು ಮಾಡಿಕೊಳ್ಳುವವರೂ ಇದ್ದಾರೆ. ಕಟ್ಟದಿದ್ದರೆ ಏನಂತೆ. ಹ್ಯಾರಿಯೆಟ್ ಜಾನ್ಸನ್ ಅನ್ನುವವರು ಮಕ್ಕಳ ಬ್ಲಾಕ್ ಆಟವನ್ನು ವರ್ಷಗಟ್ಟಲೆ ಗಮನಿಸಿ 1933ರಲ್ಲಿ ಬರೆದಿಟ್ಟ ಹಂತಗಳಲ್ಲಿ ಮೊದಲನೆಯದೇ ಬರೀ ಹೊತ್ತುಕೊಂಡು ತಿರುಗುವುದು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ. ಆಮೇಲೆ ಸಾಲು, ಪೇರಿಕೆ. ಅದಾದ ಮೇಲೆ ಎರಡರ ಮೇಲೊಂದು ಇಡುವ ಸೇತುವೆ, ಸುತ್ತ ಬೇಲಿ ಕಟ್ಟಿ ಜಾಗ ಮುಚ್ಚುವುದು, ಈ ಕಡೆ ಇದ್ದ ಹಾಗೆ ಆ ಕಡೆಯೂ ಇಡುವುದು. ಇದು ಮನೆ, ಇದು ಅಂಗಡಿ ಅಂತ ಹೆಸರಿಟ್ಟುಕೊಂಡು ಕಟ್ಟುವುದು ಎಷ್ಟೋ ತಡವಾಗಿ ಬರುತ್ತದೆ. ಅದಕ್ಕೇ ಕೂಸನ್ನು ಹಿಡಿದು “ಇದೇನು ಕಟ್ಟಿದೀಯಾ?” ಅಂತ ಪೀಡಿಸಬಾರದು.

ಇದರಿಂದ ಮಾತು ಬೆಳೆಯುತ್ತದಾ ಅಂತಲೂ ನೋಡಿದ್ದಾರೆ. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳಿರುವ ಕೆಲವು ಮನೆಗಳಿಗೆ ಬ್ಲಾಕ್ ಕೊಟ್ಟು, ಕೆಲವು ಮನೆಗಳಿಗೆ ಕೊಡದೆ ಹೋಲಿಸಿದ ಅಮೆರಿಕದ ಒಂದು ಅಧ್ಯಯನ 2007ರಲ್ಲಿ ಬಂತು. ಬ್ಲಾಕ್ ಸಿಕ್ಕಿದ ಮನೆಗಳ ಮಕ್ಕಳು ಮಾತಿನ ಪರೀಕ್ಷೆಯಲ್ಲಿ ಮುಂದಿದ್ದರು, ಅದರಲ್ಲೂ ಮಧ್ಯಮ ಮತ್ತು ಕಡಿಮೆ ಆದಾಯದ ಮನೆಗಳಲ್ಲಿ. ಆದರೆ ಅಧ್ಯಯನ ಸಣ್ಣದು, ದುಡ್ಡು ಕೊಟ್ಟವರು ಒಂದು ಬ್ಲಾಕ್ ಕಂಪನಿಯವರು. ಅನುಮಾನ ಇಟ್ಟುಕೊಂಡೇ ಓದಬೇಕು ಬಿಡಿ. ನಮ್ಮ ಮನೆಯಲ್ಲಿ ಕೇಳಿಸಿದ್ದನ್ನಾದರೆ ಹೇಳಬಲ್ಲೆ. ಬುಡ, ತುದಿ, ನಡು, ಅಂಚು, ಮೂಲೆ, ಸಂದು, ಅಡ್ಡ, ಉದ್ದ, ಓರೆ, ಸೊಟ್ಟ, ನೆಟ್ಟಗೆ, ಆಚೆ, ಈಚೆ — ಇಷ್ಟೂ ಪುಟ್ಟಿಯ ಬಾಯಲ್ಲಿ ಬರುತ್ತಿರುವುದು ಬ್ಲಾಕಿನ ಮುಂದೆ ಕೂತಾಗ. ನರ್ಸರಿ ಪುಸ್ತಕದಲ್ಲಿ ಆನೆ, ಜಿರಾಫೆ, ಹೆಲಿಕಾಪ್ಟರ್ ಇರುತ್ತವೆ. ಸಂದು ಎಲ್ಲಿರುತ್ತದೆ?

ಪಕ್ಕದಲ್ಲೇ ಇಂಥ ದೊಡ್ಡ ಬ್ಲಾಕ್ ಕೆಲಸ ಇಟ್ಟುಕೊಂಡು ನಾವು ಹಾಸನದವರು ಮಕ್ಕಳನ್ನು ಅಲ್ಲಿಗೆ ಶಿಲಾಬಾಲಿಕೆ ಮುಂದೆ ಫೋಟೋ ತೆಗೆಸುವುದಕ್ಕೆ ಮಾತ್ರ ಕರೆದುಕೊಂಡು ಹೋಗುತ್ತೇವೆ. ಬೇಲೂರು, ಹಳೇಬೀಡಿನ ಗೋಡೆಗಳಲ್ಲಿ ಗಾರೆ ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂತಿರುವುದು ತನ್ನ ಭಾರದಿಂದ ಮತ್ತು ಒಂದರ ಗೂಟ ಇನ್ನೊಂದರ ಗುಳಿಗೆ ಸಿಕ್ಕಿಕೊಂಡಿರುವುದರಿಂದ. 1958ರಲ್ಲಿ ಲೆಗೋ ಅನ್ನುವ ಆಟಿಕೆ ಕಂಪನಿಯವರು ಮೇಲೆ ಗುಬಟು, ಒಳಗೆ ಕೊಳವೆ ಇಟ್ಟು, ಒಂದಕ್ಕೊಂದು ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಕೇಳಿದರು. ಬೇಲೂರಿನ ಗುಡಿ ಕಟ್ಟಿಸಿದ್ದು 1117ರಲ್ಲಿ. (ಪೇಟೆಂಟ್ ಜಗಳ ತೆಗೆಯುತ್ತಿಲ್ಲ, ಸುಮ್ನೆ ಹೇಳಿದೆ.) ಅದೇ ಅಂಗಳದಲ್ಲಿ ಸುಮಾರು 42 ಅಡಿಯ ಕಂಬ ಒಂದು ಜಗಲಿಯ ಮೇಲೆ ಸುಮ್ಮನೆ ಇಟ್ಟ ಹಾಗೆ ನಿಂತಿದೆ, ಬುಡವನ್ನು ಹೂತಿಲ್ಲ. ಇದಕ್ಕೆ ಪೂರಾ ಉಲ್ಟಾ ಶ್ರವಣಬೆಳಗೊಳ. ಅಲ್ಲಿ ಜೋಡಿಸಿದ್ದೇ ಇಲ್ಲ, ಬೆಟ್ಟದ ಒಂದೇ ಬಂಡೆಯಿಂದ ಬೇಡದ್ದನ್ನು ತೆಗೆಯುತ್ತಾ ತೆಗೆಯುತ್ತಾ ಬಾಹುಬಲಿ ಉಳಿದದ್ದು.

ರಶ್ಶು ಬೇಡ ಅನ್ನಿಸಿದರೆ ಹೊಳೆನರಸೀಪುರ ದಾರಿಯಲ್ಲಿ ಮೊಸಳೆ ಇದೆ, ಊರ ಹೆಸರೇ ಹಾಗೆ. ಅಲ್ಲಿ ಪಕ್ಕಪಕ್ಕದಲ್ಲಿ ಎರಡು ಗುಡಿ, ಒಂದು ನಾಗೇಶ್ವರ, ಇನ್ನೊಂದು ಚೆನ್ನಕೇಶವ. ಅಳತೆ, ಆಕಾರ ಒಂದೇ. ಮಕ್ಕಳನ್ನು ನಡುವಿನ ಜಾಗದಲ್ಲಿ ನಿಲ್ಲಿಸಿ ಈ ಕಡೆಗೂ ಆ ಕಡೆಗೂ ಏನು ವ್ಯತ್ಯಾಸ ಅಂತ ಹುಡುಕಲು ಬಿಡಿ, ಒಂದು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ. ಒಳಗೆ ಹೋದರೆ ತಲೆ ಎತ್ತಿ ಭುವನೇಶ್ವರಿ ನೋಡಿ, ಅಂದರೆ ಕೆತ್ತನೆಯ ಒಳಚಾವಣಿ. ನಾವೆಲ್ಲ ಅದರ ಕೆತ್ತನೆ ನೋಡುತ್ತೇವೆ. ಸೇತುವೆ ಕಟ್ಟಿ ಬೀಳಿಸಿದ ಮಗು ಬೇರೆ ಪ್ರಶ್ನೆ ಕೇಳುತ್ತದೆ. “ಚಿಕ್ಕಪ್ಪ, ಮಧ್ಯದ್ದು ಯಾಕೆ ಬೀಳಲ್ಲ?” ಚೌಕದ ಮೂಲೆಗಳಿಗೆ ಅಡ್ಡ ಕಲ್ಲಿಟ್ಟು, ಅದರ ಮೇಲಿನ ಸುತ್ತನ್ನು ಇನ್ನಷ್ಟು ಒಳಗೆ ಚಾಚಿ, ಹೀಗೇ ಸುತ್ತಿನಿಂದ ಸುತ್ತಿಗೆ ಕಿರಿದು ಮಾಡುತ್ತಾ ಮೇಲೆ ಹೋಗಿ ಮುಚ್ಚಿದ್ದಾರೆ. ಹಿಂದಿನ ಭಾರ ಮುಂದೆ ಚಾಚಿದ ತುದಿಯನ್ನು ಹಿಡಿದಿರುತ್ತದೆ.

ಶಾಲೆಗಳ ವಿಷಯ ಜಾಸ್ತಿ ಹೇಳುವುದಿಲ್ಲ. ನಾನು ಕಂಡ ಒಂದು ನರ್ಸರಿಯಲ್ಲಿ ಬ್ಲಾಕುಗಳು ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಕೂತಿದ್ದವು, ಹೊರಗೆ ಬರುವುದು ಅಡ್ಮಿಷನ್ ಸಮಯದಲ್ಲಿ ಮಾತ್ರ ಅಂತ ಆಯಮ್ಮ ಹೇಳಿದರು. 2023ರಲ್ಲಿ ಕೇಂದ್ರ ಸರ್ಕಾರ ಮೂರರಿಂದ ಎಂಟು ವರ್ಷದವರಿಗೆ ಅಂತ ‘ಜಾದೂಯಿ ಪಿಟಾರಾ’ ಅನ್ನುವ ಆಟಿಕೆ ಪೆಟ್ಟಿಗೆ ಬಿಡುಗಡೆ ಮಾಡಿತು. ಒಳ್ಳೆಯದೇ. ಪೆಟ್ಟಿಗೆಯ ಬಾಯಿ ತೆರೆದಿರಬೇಕು ಅಷ್ಟೇ, ಸಾಮಾನು ಕಳೆದರೆ ಯಾರು ಹೊಣೆ ಅನ್ನುವ ಭಯ ನಮ್ಮಲ್ಲಿ ದೊಡ್ಡದು.

ಕೊಂಡುಕೊಳ್ಳುವವರಿಗೆ ಒಂದೆರಡು ಮಾತು. 2021ರಿಂದ ನಮ್ಮಲ್ಲಿ ಮಾರುವ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ, ನೋಡಿ ತಗೊಳ್ಳಿ. ಮೂರು ವರ್ಷದೊಳಗಿನ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಗಂಟಲಿಗೆ ಇಳಿಯುವಷ್ಟು ಚಿಕ್ಕ ತುಂಡು ಮನೆಗೇ ಬೇಡ. ಸಿಕ್ಕಿಸುವ ಪ್ಲಾಸ್ಟಿಕ್ ಇಟ್ಟಿಗೆ ಬೇಕೆಂದರೆ ಬರೀ ಇಟ್ಟಿಗೆಯ ಡಬ್ಬ ಕೇಳಿ. ಎಂಟು ಗುಬಟಿನ ಒಂದೇ ಬಣ್ಣದ ಆರು ಲೆಗೋ ಇಟ್ಟಿಗೆಗಳನ್ನು 91 ಕೋಟಿ 51 ಲಕ್ಷಕ್ಕೂ ಹೆಚ್ಚು ಬಗೆಯಲ್ಲಿ ಜೋಡಿಸಬಹುದು ಅಂತ ಡೆನ್ಮಾರ್ಕಿನ ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಆರೇ ಆರು ಇಟ್ಟಿಗೆ! ರಾಕೆಟ್ ಪುಸ್ತಕದಲ್ಲಿ ಅದರಲ್ಲಿ ಒಂದು ಬಗೆ ಇರುತ್ತದೆ.

ದೊಡ್ಡ ಮಕ್ಕಳಿಗೆ ಮರದ ತುಂಡು ಬೋರು ಅನ್ನುವವರು ಒಮ್ಮೆ ಇದನ್ನು ಕೊಟ್ಟು ನೋಡಿ. ಆರು ಇಂಚಿನ ತುಂಡುಗಳನ್ನು ಮೇಜಿನ ಅಂಚಿನಲ್ಲಿ ಒಂದರ ಮೇಲೊಂದು ಇಡಬೇಕು, ಎಲ್ಲಕ್ಕಿಂತ ಮೇಲಿನ ತುಂಡು ಪೂರ್ತಿ ಮೇಜಿನಾಚೆ ಗಾಳಿಯಲ್ಲಿರಬೇಕು. ಅಂಟು, ದಾರ ಏನೂ ಇಲ್ಲ. ಆಗುವುದೇ ಇಲ್ಲ ಅಂತ ದೊಡ್ಡವರು ಮೊದಲು ಪಣ ಕಟ್ಟುತ್ತಾರೆ. ನಾಲ್ಕು ತುಂಡಿನಲ್ಲಿ ಆಗುತ್ತದೆ. ಲೆಕ್ಕವನ್ನು ಮೇಲಿನಿಂದ ಕೆಳಗೆ ಹಾಕಬೇಕು. ಮೇಲಿನ ತುಂಡು ಅದರ ಕೆಳಗಿನದಕ್ಕಿಂತ ಅರ್ಧ ಮುಂದೆ, ಅಂದರೆ ಮೂರು ಇಂಚು. ಎರಡನೆಯದು ಮೂರನೆಯದಕ್ಕಿಂತ ಕಾಲು ಭಾಗ, ಒಂದೂವರೆ ಇಂಚು. ಮೂರನೆಯದು ಆರನೇ ಒಂದು ಭಾಗ, ಒಂದು ಇಂಚು. ಕೊನೆಯದು ಮೇಜಿನಿಂದ ಎಂಟನೇ ಒಂದು ಭಾಗ, ಮುಕ್ಕಾಲು ಇಂಚು. ಕೂಡಿದರೆ ಆರೂಕಾಲು ಇಂಚು. ತುಂಡಿನ ಉದ್ದ ಆರು, ಕಾಲು ಇಂಚು ಮಿಕ್ಕಿತು. ಆ ಕಾಲು ಇಂಚನ್ನು ನಾಲ್ಕು ಕಡೆ ಹಂಚಿ ಪ್ರತಿಯೊಂದನ್ನೂ ಒಂಚೂರು ಹಿಂದಕ್ಕೆ ಇಟ್ಟರೆ ನಿಲ್ಲುತ್ತದೆ, ಆದರೆ ಕೈ ನಡುಗಬಾರದು, ಫ್ಯಾನ್ ಆಫ್ ಇರಬೇಕು. ಐದು ತುಂಡು ತಗೊಂಡರೆ ಸಲೀಸು. ನಮ್ಮಣ್ಣ ಇನ್ನೂ ನಾಲ್ಕರಲ್ಲೇ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ, ಪುಟ್ಟಿ ಪಕ್ಕದಲ್ಲಿ ಕೂತು “ಹಾಗಲ್ಲ ಕಣಪ್ಪಾ” ಅನ್ನುತ್ತಿದ್ದಾಳೆ.